ಊರೇ ಪಾಠವಾಗುವ ಹಬ್ಬ

2023ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ನಡೆದ ಕಲಿಕಾ ಹಬ್ಬದಲ್ಲಿ ನನಗೆ ತುಂಬಾ ಹಿಡಿಸಿದ್ದು ‘ಊರು ತಿಳಿಯೋಣ’ ಎಂಬ ಚಟುವಟಿಕೆ. ಮಕ್ಕಳು ಹಿರಿಯರನ್ನು ಕೇಳಿ, ಓಣಿ ಸುತ್ತಿ, ತಿಳಿದದ್ದನ್ನು ಚಾರ್ಟಿಗೆ ಇಳಿಸಬೇಕಿತ್ತು. ಸಿಂಧನೂರು ತಾಲ್ಲೂಕಿನ ಮುಕ್ಕುಂದದಂಥ ಊರಿಗೆ ಇದಕ್ಕಿಂತ ತಕ್ಕ ಪಾಠವಿಲ್ಲ. ಪಕ್ಕದಲ್ಲೇ ತುಂಗಭದ್ರೆ: ಅದು ಭೂಗೋಳ. ಭತ್ತದ ಗದ್ದೆಗೆ ಬೇಕಾದ ನೀರಿನ ಲೆಕ್ಕ: ಅದು ಗಣಿತ. ಕಾಳು ಮೊಳೆಯುವ ಬಗೆ: ಅದು ವಿಜ್ಞಾನ. ಇತಿಹಾಸಕ್ಕೆ ಅದೇ ಜಿಲ್ಲೆಯ ಮಸ್ಕಿಯೇ ಇದೆ. ಅಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದಲೇ ‘ದೇವಾನಾಂಪ್ರಿಯ’ನೆಂದರೆ ಅಶೋಕನೆಂದು ಖಚಿತವಾಯಿತು. ಅಜ್ಜಿಯ ಸೋಬಾನೆ ಪದ ಬರೆದುಕೊಂಡರೆ ಅದೇ ಕನ್ನಡ. ಬರೆದದ್ದನ್ನು ಊರವರೆದುರು ನಿಂತು ವಿವರಿಸುವ ಮಗು ಬಾಯಿಪಾಠ ಒಪ್ಪಿಸುವುದಿಲ್ಲ. ತಾನೇ ಕಂಡುಕೊಂಡದ್ದನ್ನು ಹೇಳುತ್ತದೆ. ಆ ಧೈರ್ಯಕ್ಕಾಗಿಯೇ ಇಂಥ ಹಬ್ಬ ಪ್ರತಿ ಶಾಲೆಯಲ್ಲೂ ವರ್ಷವರ್ಷ ನಡೆಯಬೇಕು.