ನೆಲ ಮೊದಲು, ಆಕಾಶ ಆಮೇಲೆ

ಸ್ಕೈಡೈವಿಂಗ್ ಕಲಿಕೆಗೆ ಇಂದು ಮೂರು ದಾರಿಗಳು ಚಾಲ್ತಿಯಲ್ಲಿವೆ: ಟ್ಯಾಂಡಮ್, ಸ್ಟ್ಯಾಟಿಕ್ ಲೈನ್, ಮತ್ತು ಎಎಫ್‌ಎಫ್ ಎಂದು ಕರೆಯುವ ಆಕ್ಸಲರೇಟೆಡ್ ಫ್ರೀಫಾಲ್. ಮೂರರ ವ್ಯತ್ಯಾಸ ಈ ಅಂಕಣದ ಓದುಗರಿಗೆ ಹೊಸದಲ್ಲ. ಆದರೆ ಮೊದಲನೆಯದನ್ನು ಕಲಿಕೆಯ ಲೆಕ್ಕಕ್ಕೆ ಸೇರಿಸುವ ರೂಢಿ ಹೋಗಬೇಕು. ಮೈಸೂರಿನ ಶಿಬಿರಗಳಲ್ಲೋ ಹರಿಯಾಣದ ನಾರ್ನೌಲ್‌ನಲ್ಲೋ ದುಬೈನ ಪಾಮ್ ಜುಮೇರಾದ ಮೇಲೋ ಒಮ್ಮೆ ಜಿಗಿದು ಬಂದವರಲ್ಲಿ ಹೆಚ್ಚಿನವರು ಟ್ಯಾಂಡಮ್ ಮಾಡಿದವರು. ಎರಡು ಭುಜ, ಎರಡು ಸೊಂಟ, ಹೀಗೆ ನಾಲ್ಕು ಕೊಂಡಿಗಳಲ್ಲಿ ಬೋಧಕರ ಎದೆಗೆ ಬಿಗಿಸಿಕೊಂಡು ಕೆಳಗಿಳಿದವರು ಪ್ರಯಾಣಿಕರು. ಎತ್ತರ ನೋಡಿದ್ದು, ಕೊಡೆ ಬಿಚ್ಚಿದ್ದು, ಗಾಳಿ ಅಳೆದಿದ್ದು, ಇಳಿಸಿದ್ದು ಎಲ್ಲವೂ ಬೇರೊಬ್ಬರು. ಅದೊಂದು ಒಳ್ಳೆಯ ಅನುಭವ, ಭಯ ಕಳೆಯಲು ನೆರವಾಗುವಂಥದ್ದು. ಅಷ್ಟಕ್ಕೆ ಸ್ಕೈಡೈವಿಂಗ್ ಬಂತು ಎಂದುಕೊಳ್ಳುವುದು ಸಲ್ಲದು.

ಉಳಿದ ಎರಡರಲ್ಲಿ ಹೊಸಬರಿಗೆ ಯಾವುದು ಮೇಲು ಎಂಬುದು ಹಳೆಯ ಜಗಳ. ಸ್ಟ್ಯಾಟಿಕ್ ಲೈನ್ ಪದ್ಧತಿಯಲ್ಲಿ ವಿದ್ಯಾರ್ಥಿ ಸುಮಾರು 3,000ದಿಂದ 3,500 ಅಡಿಯಲ್ಲಿ ಒಬ್ಬನೇ ಜಿಗಿಯುತ್ತಾನೆ. ವಿಮಾನಕ್ಕೆ ಕಟ್ಟಿದ ಪಟ್ಟಿಯೇ ಕೊಡೆಯನ್ನು ಎಳೆದು ಬಿಚ್ಚುತ್ತದೆ. ಮುಕ್ತ ಪತನ ಕೆಲವೇ ಸೆಕೆಂಡುಗಳದ್ದು. ಆಗ್ರಾದ ಪ್ಯಾರಾಟ್ರೂಪರ್ಸ್ ಟ್ರೇನಿಂಗ್ ಸ್ಕೂಲಿನಲ್ಲಿ ಸೈನಿಕರು ಮೊದಲು ಕಲಿಯುವುದು ಈ ಬಗೆಯ ಜಿಗಿತವನ್ನೇ. ಬೆಂಗಳೂರಿನಲ್ಲೇ ತರಬೇತಿ ಕೇಂದ್ರವಿರುವ ಪ್ಯಾರಾಚೂಟ್ ರೆಜಿಮೆಂಟಿನವರಿಗೂ ಇದೇ ಓನಾಮ. ಎಎಫ್‌ಎಫ್ 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಬಂತು. ಸುಮಾರು 13,000 ಅಡಿಯಲ್ಲಿ ಇಬ್ಬರು ಬೋಧಕರು ಅಕ್ಕಪಕ್ಕ ಹಿಡಿದುಕೊಂಡು ವಿದ್ಯಾರ್ಥಿಯೊಡನೆ ಜಿಗಿಯುತ್ತಾರೆ. ಮುಕ್ಕಾಲು ನಿಮಿಷದಷ್ಟು ಮುಕ್ತ ಪತನದ ನಂತರ ವಿದ್ಯಾರ್ಥಿ ತಾನೇ ಕೊಡೆ ಬಿಚ್ಚಬೇಕು. ಇಂದಿನ ಬಹುತೇಕ ಶಾಲೆಗಳು ಎಎಫ್‌ಎಫ್ ಕಡೆಗೆ ವಾಲಿವೆ, ಸ್ಟ್ಯಾಟಿಕ್ ಲೈನ್ ಹಳೆಗಾಲದ ಸರಕು ಎಂಬ ಮಾತೂ ಇದೆ. ಆ ಮಾತಿಗೆ ಉತ್ತರ ಕೊಡುವ ಮುನ್ನ 1919ಕ್ಕೆ ಹೋಗಿ ಬರಬೇಕು.

ಆ ವರ್ಷದವರೆಗೆ ಮುಕ್ತ ಪತನವೇ ಮನುಷ್ಯನಿಗೆ ಆಗದ ಮಾತೆಂದು ಅನೇಕರು ನಂಬಿದ್ದರು. ವೇಗವಾಗಿ ಬೀಳುವಾಗ ಪ್ರಜ್ಞೆ ತಪ್ಪುತ್ತದೆ, ಕೈ ಆಡುವುದಿಲ್ಲ, ಹಗ್ಗ ಎಳೆಯುವ ಗತಿ ಇರುವುದಿಲ್ಲ ಎಂಬುದು ಅವರ ತರ್ಕ. ಆದ್ದರಿಂದ ಕೊಡೆಯನ್ನು ಬಲೂನಿಗೋ ವಿಮಾನಕ್ಕೋ ಕಟ್ಟಿ, ಜಿಗಿದವನ ಭಾರದಿಂದಲೇ ಅದು ಹೊರಬರುವಂತೆ ಮಾಡುತ್ತಿದ್ದರು. ಏಪ್ರಿಲ್ 28ರಂದು ಓಹಾಯೋ ರಾಜ್ಯದ ಮೆಕುಕ್ ಫೀಲ್ಡ್‌ನಲ್ಲಿ ಲೆಸ್ಲಿ ಅರ್ವಿನ್ ಬೆನ್ನಿಗೆ ಕಟ್ಟಿದ ಕೊಡೆಯೊಂದಿಗೆ ವಿಮಾನದಿಂದ ಧುಮುಕಿ, ಬೀಳುತ್ತಲೇ ಹಿಡಿಕೆ ಎಳೆದು ಕೊಡೆ ಬಿಚ್ಚಿದರು. ಪ್ರಜ್ಞೆ ತಪ್ಪಲಿಲ್ಲ, ಕೈ ಸರಿಯಾಗಿಯೇ ಕೆಲಸ ಮಾಡಿತು. ಹಳೆಯ ನಂಬಿಕೆ ಅಂದಿಗೆ ಮುಗಿಯಿತು. ಚರಿತ್ರೆಯ ಪುಸ್ತಕಗಳು ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಹೇಳುತ್ತವೆ. ಹೊಸಬರು ಓದಬೇಕಾದದ್ದು ಅದರ ಕೆಳಗಿನ ಸಾಲನ್ನು: ನೆಲ ಮುಟ್ಟುವಾಗ ಅರ್ವಿನ್ ಕಾಲಿನ ಗಿಣ್ಣು ಮುರಿಯಿತು. ಆಗದೆಂದು ನಂಬಿದ್ದ ಮುಕ್ತ ಪತನ ಸಲೀಸಾಗಿ ನಡೆಯಿತು, ಎಲ್ಲರಿಗೂ ಗೊತ್ತಿದ್ದ ಇಳಿತ ಪೆಟ್ಟು ಕೊಟ್ಟಿತು.

ಈ ಕ್ರೀಡೆಯ ಅಪಾಯ ಇಂದಿಗೂ ಹೆಚ್ಚು ಕಡಿಮೆ ಅಲ್ಲೇ ಇದೆ. ಅಮೆರಿಕದ ಪ್ಯಾರಾಚೂಟ್ ಸಂಘ ಯುಎಸ್‌ಪಿಎ ದಾಖಲಿಸಿದ ಸಾವುಗಳು 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು. 2023ರಲ್ಲಿ ಸುಮಾರು 36.5 ಲಕ್ಷ ಜಿಗಿತಗಳಿಗೆ 10. ಇಳಿಕೆಗೆ ಉಪಕರಣಗಳ ಸುಧಾರಣೆ ಒಂದು ಮುಖ್ಯ ಕಾರಣ. 1970ರ ದಶಕದಲ್ಲಿ ಬಿಲ್ ಬೂತ್ ರೂಪಿಸಿದ ಮೂರು ಉಂಗುರಗಳ ಜೋಡಣೆಯಲ್ಲಿ ದೇಹದ ಭಾರವೆಲ್ಲ ಒಂದು ಉಂಗುರದಿಂದ ಇನ್ನೊಂದಕ್ಕೆ ಕಡಿಮೆಯಾಗುತ್ತ ಹೋಗಿ ಕೊನೆಗೆ ಸಣ್ಣದೊಂದು ದಾರದ ಕುಣಿಕೆಯಲ್ಲಿ ನಿಲ್ಲುತ್ತದೆ. ಕೆಟ್ಟ ಕೊಡೆಯನ್ನು ಒಂದೇ ಎಳೆತಕ್ಕೆ ಕಳಚಿಕೊಳ್ಳಬಹುದು. 1991ರಲ್ಲಿ ಜರ್ಮನಿಯ ಹೆಲ್ಮುಟ್ ಕ್ಲೋತ್ ತಂದ ಸೈಪ್ರೆಸ್ ಎಂಬ ಎಎಡಿ (ತಾನಾಗಿ ಕೊಡೆ ಬಿಚ್ಚಿಸುವ ಸಾಧನ), ಜಿಗಿದವರು ಏನೂ ಮಾಡದೆ ನೆಲದ ಸಮೀಪಕ್ಕೆ ವೇಗವಾಗಿ ಬಂದರೆ ತಾನೇ ರಿಸರ್ವ್ ಕೊಡೆಯ ಕುಣಿಕೆ ಕತ್ತರಿಸುತ್ತದೆ. ಇಷ್ಟೆಲ್ಲ ಬಂದ ಮೇಲೂ ಉಳಿದ ಸಾವುಗಳಲ್ಲಿ ದೊಡ್ಡ ಪಾಲು ಪೂರ್ತಿ ಬಿಚ್ಚಿಕೊಂಡ, ಯಾವ ದೋಷವೂ ಇಲ್ಲದ ಕೊಡೆಯ ಕೆಳಗೆ ಸಂಭವಿಸುತ್ತಿದೆ. ಕೊಡೆ ಬಿಚ್ಚದಿದ್ದರೆ ಎಂದು ಹೆದರಿ ಬರುವ ಹೊಸಬರು ಈ ಮಾತನ್ನು ಗಟ್ಟಿಯಾಗಿ ಹಿಡಿಯಬೇಕು. ಬಿಚ್ಚಿದ ಕೊಡೆ ಒಂದು ರೆಕ್ಕೆ. ಗಂಟೆಗೆ 30–40 ಕಿ.ಮೀ. ವೇಗದಲ್ಲಿ ಮುಂದೆ ಸಾಗುವ ಅದನ್ನು ಹಾರಿಸಲು ಕಲಿಯಬೇಕು.

ಎಎಫ್‌ಎಫ್ ಪಕ್ಷದವರ ಮೇಲಿನ ತಕರಾರು ಇರುವುದು ಇಲ್ಲಿಯೇ. ಆ ಪದ್ಧತಿಯಲ್ಲೂ ವಿದ್ಯಾರ್ಥಿ ಮೊದಲ ಜಿಗಿತದಿಂದಲೇ ಕೊಡೆಯನ್ನು ಒಬ್ಬನೇ ನಡೆಸುತ್ತಾನೆ, ಕಿವಿಯಲ್ಲಿ ರೇಡಿಯೋ ಸೂಚನೆ ಬರುತ್ತಿರುತ್ತದೆ. ಆದರೆ ಮನಸ್ಸೆಲ್ಲ ಆ ಮುಕ್ಕಾಲು ನಿಮಿಷದಲ್ಲಿ ನೆಟ್ಟಿರುತ್ತದೆ. ಮುಂದಿನ ಹಂತಕ್ಕೆ ತೇರ್ಗಡೆಯಾದದ್ದೂ ಆಗದ್ದೂ ಮುಖ್ಯವಾಗಿ ಬೀಳುವಾಗಿನ ಭಂಗಿಯಿಂದ ನಿರ್ಧಾರವಾಗುತ್ತದೆ. ಈಗ ಗಾಳಿ ಸುರಂಗಗಳೂ ಬಂದಿವೆ, ಹೈದರಾಬಾದಿನಲ್ಲೂ ಒಂದಿದೆ. ಅಲ್ಲಿ ಭಂಗಿ ತಿದ್ದಿಕೊಳ್ಳಬಹುದು, ಆ ಮಟ್ಟಿಗೆ ಸುರಂಗ ಬಹಳ ಉಪಯುಕ್ತ. ಆದರೆ ಅಲ್ಲಿ ಎತ್ತರ ಕಳೆಯುವುದಿಲ್ಲ, ಇಳಿಯಲು ನೆಲವೂ ಇಲ್ಲ. ಸ್ಟ್ಯಾಟಿಕ್ ಲೈನಿನ ದೊಡ್ಡ ಗುಣವೆಂದರೆ ವಿದ್ಯಾರ್ಥಿಯ ಗಮನಕ್ಕೆ ಕೊಡೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಆ ಪದ್ಧತಿ ಸಿಗದ ಕಡೆ ಎಎಫ್‌ಎಫ್ ಆರಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ, ಇಳಿತಕ್ಕೆ ಸಮಯ ಕೊಡುವ ಶಾಲೆ ಎಂದು ಖಚಿತವಾದರೆ ಸಾಕು.

ಶಾಲೆಯನ್ನು ಅಳೆಯುವ ಒಂದು ಸುಲಭದ ದಾರಿ ರಿಸರ್ವ್ ಕೊಡೆಯ ದಾಖಲೆ ಚೀಟಿ. ಅಮೆರಿಕದಲ್ಲಿ ಪರವಾನಗಿ ಇರುವ ರಿಗ್ಗರ್ ಅದನ್ನು 180 ದಿನಕ್ಕೊಮ್ಮೆ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಚಿ ದಿನಾಂಕ ಬರೆಯಬೇಕು. ಚೀಟಿ ತೋರಿಸಿ ಎಂದರೆ ಮುಖ ಸಿಂಡರಿಸುವ ಕಡೆ ನಿಲ್ಲಬಾರದು. ಎಎಡಿ ಇಲ್ಲದ ರಿಗ್ಗನ್ನು ವಿದ್ಯಾರ್ಥಿ ಬೆನ್ನಿಗೇರಿಸಬಾರದು. ಗಾಳಿಯ ಮಿತಿಯನ್ನೂ ಕೇಳಬೇಕು: ಯುಎಸ್‌ಪಿಎ ನಿಯಮದಂತೆ ಒಂಟಿಯಾಗಿ ಜಿಗಿಯುವ ವಿದ್ಯಾರ್ಥಿಗಳಿಗೆ ಅದು ಗಂಟೆಗೆ 14 ಮೈಲಿ, ಅಂದರೆ ಸುಮಾರು 22 ಕಿ.ಮೀ. ದಿನವಿಡೀ ಗಾಳಿಚೀಲ ನೋಡುತ್ತ ಕೂತು ಸಂಜೆ ಜಿಗಿಯದೆ ಮರಳುವುದು ಕಲಿಕೆಯ ಭಾಗವೇ.  

ಕೊಡೆಯ ಗಾತ್ರ ಇನ್ನೊಂದು ಅಳತೆ. ಜಿಗಿಯುವವರ ಒಟ್ಟು ಭಾರವನ್ನು ಪೌಂಡುಗಳಲ್ಲಿ ಹಿಡಿದು ಕೊಡೆಯ ಚದರಡಿಯಿಂದ ಭಾಗಿಸಿದರೆ ಬರುವುದು ವಿಂಗ್ ಲೋಡಿಂಗ್. ರಿಗ್ ಸೇರಿ 85 ಕೆ.ಜಿ. ತೂಗುವವರು ಸುಮಾರು 187 ಪೌಂಡು. 260 ಚದರಡಿಯ ಕೊಡೆಯಲ್ಲಿ ಅದು 0.7ರ ಆಸುಪಾಸು. ಹೊಸಬರಿಗೆ ಇದು ಹದವಾದ ಅಂಕಿ. ಈ ಅಂಕಿ ಏರಿದಷ್ಟೂ ಕೊಡೆ ಚುರುಕಾಗುತ್ತದೆ, ಮುಂದೋಟ ಜೋರಾಗುತ್ತದೆ, ತಪ್ಪಿಗೆ ಸಿಗುವ ಸಮಯ ಕಡಿಮೆಯಾಗುತ್ತದೆ. ಮೈಸೂರಿನಂಥ ಊರಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ. ಮಂಡಕಳ್ಳಿಯ ವಿಮಾನ ನಿಲ್ದಾಣ ಸಮುದ್ರಮಟ್ಟಕ್ಕಿಂತ ಸುಮಾರು 2,300 ಅಡಿ ಮೇಲಿದೆ. ಆಲ್ಟಿಮೀಟರನ್ನು ಇಳಿಯುವ ನೆಲದಲ್ಲೇ ಸೊನ್ನೆಗೆ ತಿರುಗಿಸುವುದರಿಂದ ಎತ್ತರದ ಲೆಕ್ಕ ಕೆಡುವುದಿಲ್ಲ. ಆದರೆ ಗಾಳಿ ತೆಳುವಾದ್ದರಿಂದ, ಬಿಸಿಲೇರಿದಾಗ ಇನ್ನಷ್ಟು ತೆಳುವಾಗುವುದರಿಂದ, ಅದೇ ಕೊಡೆ ಕಡಲತೀರದಲ್ಲಿ ಇಳಿಯುವುದಕ್ಕಿಂತ ತುಸು ಬಿರುಸಾಗಿ ಇಳಿಯುತ್ತದೆ. ಬೆಳಗಿನ ತಣ್ಣನೆಯ, ಸಮಾಧಾನದ ಗಾಳಿಯೇ ಹೊಸಬರ ಹೊತ್ತು.

ಮುಕ್ತ ಪತನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೊಂಟ ಮುಂದಕ್ಕೆ ಒತ್ತಿ, ಬೆನ್ನು ಬಾಗಿಸಿ, ಕೈಕಾಲು ಚಾಚಿದರೆ ದೇಹ ತಾನಾಗಿ ಹೊಟ್ಟೆ ಕೆಳಗಾಗಿ ನಿಲ್ಲುತ್ತದೆ. ಮೊದಲ 1,000 ಅಡಿಗೆ ಸುಮಾರು 10 ಸೆಕೆಂಡು, ಆಮೇಲೆ ಪ್ರತಿ 1,000 ಅಡಿಗೆ ಐದೂವರೆ. ಆದ್ದರಿಂದ ಕಣ್ಣು ಮತ್ತೆ ಮತ್ತೆ ಆಲ್ಟಿಮೀಟರಿಗೆ ಮರಳಬೇಕು. ಎಎಫ್‌ಎಫ್‌ನಲ್ಲಿ ವಿದ್ಯಾರ್ಥಿ 5,500 ಅಡಿಯ ಹೊತ್ತಿಗೆ ಕೈಬೀಸಿ ಸೂಚನೆ ಕೊಟ್ಟು ಹಿಡಿಕೆ ಎಳೆಯಬೇಕು. ಭಂಗಿ ಕೆಟ್ಟಿದ್ದರೂ ಎಳೆಯಬೇಕು. ತಲೆಗೆ ಕ್ಯಾಮೆರಾ ಕಟ್ಟಿಕೊಳ್ಳುವ ಆಸೆಯನ್ನು 200 ಜಿಗಿತಗಳವರೆಗೆ ಕಟ್ಟಿಡಬೇಕೆಂದು ಯುಎಸ್‌ಪಿಎ ಹೇಳುತ್ತದೆ. ಇದರಲ್ಲಿ ರಾಜಿ ಸಲ್ಲದು, ಚಿತ್ರದ ಯೋಚನೆ ಹೊಕ್ಕ ತಲೆಯಲ್ಲಿ ಎತ್ತರದ ಯೋಚನೆಗೆ ಜಾಗ ಕಿರಿದಾಗುತ್ತದೆ.

ಕೊಡೆ ಬಿಚ್ಚಿದ ಕೂಡಲೇ ತಲೆ ಎತ್ತಿ ನೋಡಬೇಕು. ಆಕಾರ ಆಯತವಾಗಿದೆಯೇ, ಸ್ಲೈಡರ್ ಎಂಬ ಬಟ್ಟೆಚೌಕ ಕೆಳಗಿಳಿದಿದೆಯೇ, ಟಾಗಲ್ ಎಂಬ ಚುಕ್ಕಾಣಿ ಹಿಡಿಕೆ ಎಳೆದರೆ ತಿರುಗುತ್ತದೆಯೇ, ಬ್ರೇಕ್ ಹಾಕಿದರೆ ನಿಧಾನವಾಗುತ್ತದೆಯೇ? ಹುರಿಗೊಂಡ ಹಗ್ಗಗಳನ್ನು ಕಾಲೊದ್ದು ಬಿಡಿಸಬಹುದು, ಅಂಚಿನ ಕೋಶಗಳು ಮುಚ್ಚಿದ್ದರೆ ಟಾಗಲ್‌ಗಳನ್ನು ಪೂರ್ತಿ ಎಳೆದು ತೆರೆಸಬಹುದು. ಆದರೆ 2,500 ಅಡಿಗೆ ಬರುವಷ್ಟರಲ್ಲಿ ಕೊಡೆ ನಂಬಿಕೆಗೆ ಬರದಿದ್ದರೆ ವಿದ್ಯಾರ್ಥಿ ಅಲ್ಲಿಗೆ ಪ್ರಯತ್ನ ನಿಲ್ಲಿಸಿ, ಕೊಡೆಯನ್ನು ಕಳಚುವ ಬಲಗಡೆಯ ಕಟ್‌ಅವೇ ಹಿಡಿಕೆ ಎಳೆಯಬೇಕು, ಕೂಡಲೇ ಎಡಗಡೆಯ ರಿಸರ್ವ್ ಹಿಡಿಕೆ. 1,000 ಅಡಿಗಿಂತ ಕೆಳಗೆ ಕಟ್‌ಅವೇ ಮಾಡಬಾರದು. ಈ ಕ್ರಮ ನೆಲದಲ್ಲಿ ಹಾರ್ನೆಸ್‌ನಲ್ಲಿ ತೂಗಾಡುತ್ತ ಮಾಡಿ ಮಾಡಿ ಕೈಗೆ ಬರಬೇಕು, ಮೇಲೆ ನೆನಪಿಸಿಕೊಳ್ಳಲು ಬಿಡುವಿರುವುದಿಲ್ಲ.

ಇನ್ನು ಇಳಿತ. ಸರಿಯಾದ ಕೊಡೆಯ ಕೆಳಗೆ ಐದಾರು ನಿಮಿಷ ಸಿಗುತ್ತದೆ. ಆ ಹೊತ್ತನ್ನು ಸುತ್ತಲಿನ ನೋಟಕ್ಕಷ್ಟೇ ಕಳೆಯದೆ, ಬ್ರೇಕ್ ಎಷ್ಟು ಎಳೆದರೆ ಏನಾಗುತ್ತದೆ ಎಂದು ಮೇಲೆಯೇ ಪರೀಕ್ಷಿಸಬೇಕು. 1,000 ಅಡಿಗೆ ಗಾಳಿಯ ಜೊತೆ ಸಾಗುವ ನೇರ ಗೆರೆ, 600 ಅಡಿಗೆ ಒಂದು ಲಂಬ ತಿರುವು, 300 ಅಡಿಗೆ ಕೊನೆಯ ತಿರುವು ತೆಗೆದುಕೊಂಡು ಗಾಳಿಗೆ ಎದುರಾಗಿ ನೇರ. ಇಲ್ಲಿಂದ ಮುಂದೆ ತಿರುವು ಇಲ್ಲ. ಒಂದು ಟಾಗಲ್ಲನ್ನು ಜೋರಾಗಿ ಎಳೆದಾಗ ಕೊಡೆ ವಾಲುತ್ತದೆ, ವಾಲಿದ ರೆಕ್ಕೆ ಎತ್ತರವನ್ನು ಬೇಗ ಕಳೆಯುತ್ತದೆ, ಜಿಗಿದವರ ದೇಹ ಹೊರಕ್ಕೆ ತೂಗಿ ಕೊಡೆ ಮತ್ತೆ ನೆತ್ತಿಯ ಮೇಲೆ ಬರಲು ಸಮಯ ಬೇಕಾಗುತ್ತದೆ. 100 ಅಡಿಯಲ್ಲಿ ಆ ಸಮಯ ಇರುವುದಿಲ್ಲ. ದೋಷವಿಲ್ಲದ ಕೊಡೆಯ ಕೆಳಗೆ ಜೀವ ಹೋಗುವುದು ಬಹಳ ಸಲ ಇಂಥ ತಗ್ಗಿನ ತಿರುವಿನಿಂದಲೇ. ಗಾಳಿಯ ದಿಕ್ಕು ತಪ್ಪಿ ಗಾಳಿಯ ಜೊತೆಗೇ ಇಳಿಯುವಂತಾದರೂ ಸರಿ, ಕೊಡೆ ಮಟ್ಟವಾಗಿರಬೇಕು. ತಡೆಯೊಂದು ಎದುರಾದರೆ ಎರಡೂ ಟಾಗಲ್‌ಗಳನ್ನು ಅರ್ಧಕ್ಕೆ ಎಳೆದುಕೊಂಡು ಒಂದನ್ನು ತುಸು ಸಡಿಲಿಸಿದರೆ ಕೊಡೆ ವಾಲದೆ ಹೊರಳುತ್ತದೆ. ಇದನ್ನು ಎತ್ತರದಲ್ಲೇ ಅಭ್ಯಾಸ ಮಾಡಿರಬೇಕು. ಕಣ್ಣು ಮಾತ್ರ ತಡೆಯ ಮೇಲೆ ಇರಬಾರದು. ಸೈಕಲ್ ಕಲಿಯುವ ಮಗು ತಪ್ಪಿಸಬೇಕೆಂದ ಕಂಬಕ್ಕೇ ಹೋಗಿ ಗುದ್ದುವಂತೆ, ಕೈ ಕಣ್ಣಿನ ದಾರಿ ಹಿಡಿಯುತ್ತದೆ. ಖಾಲಿ ಜಾಗವನ್ನು ನೋಡಬೇಕು.

ನೆಲಕ್ಕೆ ಸುಮಾರು 10–12 ಅಡಿ ಇರುವಾಗ ಎರಡೂ ಟಾಗಲ್‌ಗಳನ್ನು ಸಮವಾಗಿ ಕೆಳಕ್ಕೆ ಎಳೆಯುವುದು ಫ್ಲೇರ್. ಮುಂದೋಟವೂ ಇಳಿತವೂ ಆಗ ತಗ್ಗುತ್ತವೆ. ಕಾಲ ಕೆಳಗೆ ನೋಡಿದರೆ ನೆಲ ಎರಗಿ ಬರುವಂತೆ ಕಂಡು ಫ್ಲೇರ್ ಬೇಗ ಆಗಿಬಿಡುತ್ತದೆ. ದೃಷ್ಟಿ ಮುಂದಕ್ಕೆ ಚಾಚಿರಬೇಕು. ಹಾಗೂ ಬೇಗ ಆದರೆ ಕೈಗಳನ್ನು ಮೇಲಕ್ಕೆ ಬಿಡಬಾರದು, ಬಿಟ್ಟರೆ ಕೊಡೆ ಮುಂದಕ್ಕೆ ಮುಗ್ಗರಿಸಿ ಇಳಿಸಿಬಿಡುತ್ತದೆ. ಎಳೆದಲ್ಲೇ ಹಿಡಿದಿದ್ದು, ನೆಲ ಹತ್ತಿರವಾದಾಗ ಉಳಿದದ್ದನ್ನು ಎಳೆದು, ಉರುಳಿ ಇಳಿಯುವ ಕ್ರಮವಾದ ಪಿಎಲ್‌ಎಫ್‌ಗೆ ಸಿದ್ಧವಾಗಬೇಕು. ಪಾದ ಮೊಣಕಾಲು ಜೋಡಿಸಿ, ಮುಂಗಾಲು, ಮೀನಖಂಡದ ಪಕ್ಕ, ತೊಡೆ, ಪಿರ್ರೆ, ಬೆನ್ನಿನ ಪಕ್ಕ ಎಂಬ ಸಾಲಿನಲ್ಲಿ ಉರುಳಿ ಪೆಟ್ಟನ್ನು ಮೈಯೆಲ್ಲ ಹಂಚುವ ಈ ವಿದ್ಯೆ ಸೈನಿಕ ತರಬೇತಿಯ ಕೊಡುಗೆ. ನಿಂತು ಇಳಿಯುವುದೇ ಜಾಣತನವೆಂಬ ಹೊಸ ಒಲವು ಇದನ್ನು ಮೂಲೆಗೆ ತಳ್ಳುತ್ತಿದೆ. ಇಳಿತದ ವೇಗ ಸರಿಯೆನಿಸದಿದ್ದರೆ ಉರುಳುವುದೇ ಸರಿ, ಬಟ್ಟೆಗೆ ಮಣ್ಣಾದರೆ ಆಗಲಿ. ನೆಲ ಮುಟ್ಟಿದ ಮೇಲೆ ಗಾಳಿ ಎಳೆದೊಯ್ಯದಂತೆ ಒಂದು ಟಾಗಲ್ಲನ್ನು ಎಳೆದು ಕೊಡೆಯನ್ನು ಮಲಗಿಸಿ, ಅದರ ಆಚೆ ಬದಿಗೆ ಓಡಬೇಕು.

ಯುಎಸ್‌ಪಿಎ ಎ ಪರವಾನಗಿಗೆ 25 ಜಿಗಿತಗಳು ಬೇಕು, ಬಿ ಪರವಾನಗಿಗೆ 50. ಕೊಡೆ ನಡೆಸುವ ಪ್ರತ್ಯೇಕ ತರಬೇತಿಯನ್ನು ಬಿ ಪರವಾನಗಿಗೆ ಕಡ್ಡಾಯ ಮಾಡಿದ್ದು ಒಳ್ಳೆಯ ನಿರ್ಧಾರ, ಆದರೆ ತಡವಾಗಿ ಬರುವ ಪಾಠ. ಎ ಪರವಾನಗಿ ಸಿಕ್ಕೊಡನೆ ಬೋಧಕರ ಕಣ್ಗಾವಲು ಸಡಿಲವಾಗುತ್ತದೆ, ಚಿಕ್ಕ ಕೊಡೆ ಕೊಳ್ಳುವ ಆಸೆಯೂ ಆಗಲೇ ಹುಟ್ಟುತ್ತದೆ. ಆ 25ರೊಳಗೇ ಈ ತರಬೇತಿ ಮುಗಿಯುವಂತಾಗಬೇಕು. ಅಲ್ಲಿಯವರೆಗೆ ಯಾರೂ ಹೇಳದಿದ್ದರೂ ಬ್ರಯನ್ ಜರ್ಮೇನ್ ಬರೆದ 'ದ ಪ್ಯಾರಾಚೂಟ್ ಅಂಡ್ ಇಟ್ಸ್ ಪೈಲಟ್' ಪುಸ್ತಕವನ್ನು ಮುಂದಿಟ್ಟುಕೊಂಡು, ವಿದ್ಯಾರ್ಥಿ ಕೊಡೆಯಲ್ಲೇ ಇನ್ನಷ್ಟು ಜಿಗಿತಗಳನ್ನು ಮಾಡಿ, ಪ್ರತಿಯೊಂದರ ಇಳಿತವನ್ನು ಲಾಗ್‌ಬುಕ್ಕಿನಲ್ಲಿ ಮುಕ್ತ ಪತನಕ್ಕಿಂತ ಮೊದಲು ಬರೆಯುವುದು ಹೊಸಬರೇ ಮಾಡಿಕೊಳ್ಳಬಹುದಾದ ಏರ್ಪಾಡು.