ಗಾಳಿಗೆ ಹಾರದ ಶೌಚಾಲಯ

ನಮ್ಮ ಕಥೆಗಳಲ್ಲಿ ನಾಯಕಿ ಹನ್ನೆರಡು ಗಂಟೆ ಬಸ್ಸಿನಲ್ಲಿ ಕೂರುತ್ತಾಳೆ, ಅಳುತ್ತಾಳೆ, ಕನಸು ಕಾಣುತ್ತಾಳೆ. ಆದರೆ ಶೌಚಾಲಯ ಹುಡುಕುವುದಿಲ್ಲ. ಬರೆಯುವವರಿಗೆ ಅಷ್ಟು ಮುಜುಗರ. ಕಟ್ಟಡ ಕಟ್ಟುವವರಿಗೂ ಈ ಮುಜುಗರ ಇಲ್ಲದಿಲ್ಲ. ಶೌಚಾಲಯ ಯಾವಾಗಲೂ ಹಿತ್ತಿಲಿಗೆ ತಳ್ಳಿದ ಕೋಣೆ.

ನಾರ್ವೆ ದೇಶ ಅದನ್ನು ಮುಂಬಾಗಿಲಿಗೆ ತಂದಿದೆ. ಅಲ್ಲಿನ ಸರಕಾರಿ ರಸ್ತೆ ಇಲಾಖೆಯು ಪರ್ವತ, ಕಡಲುಗಳ ನಡುವೆ ಹಾಯುವ 18 ರಸ್ತೆಗಳನ್ನು ಪ್ರವಾಸಿ ಮಾರ್ಗಗಳೆಂದು ಆರಿಸಿ, ಪಕ್ಕದ ತಂಗುದಾಣ, ಶೌಚಾಲಯಗಳನ್ನು ಒಳ್ಳೆಯ ವಾಸ್ತುಶಿಲ್ಪಿಗಳಿಂದ ಕಟ್ಟಿಸಿದೆ. ಅವುಗಳಲ್ಲಿ ಎರಡನ್ನು ಇಲ್ಲಿ ಹೋಲಿಸಬಹುದು.

ಮೊದಲನೆಯದು ಹೆಲ್ಗೆಲಾಂಡ್ ಕರಾವಳಿಯ ಉರೆದ್‌ಪ್ಲಾಸೆನ್. 2018ರಲ್ಲಿ ತೆರೆದ ಇದರ ವಿನ್ಯಾಸ ಹೌಗೆನ್-ಜೋಹರ್ ಸಂಸ್ಥೆಯದು. ಕಾಂಕ್ರೀಟು ಅಲೆಯಂತೆ ಏರಿ ಇಳಿದಿದೆ. ಮಸುಕು ಗಾಜಿನ ಗೋಡೆ ಕತ್ತಲಾದಾಗ ಒಳಗಿನಿಂದ ಬೆಳಗುತ್ತದೆ. ಹಗಲು ತೀರ ಕಿರಿದಾಗುವ ಆ ಉತ್ತರದ ಚಳಿಗಾಲದಲ್ಲಿ ದಾರಿಹೋಕನಿಗೆ ಆ ಬೆಳಕು ಸಣ್ಣ ಉಪಕಾರವಲ್ಲ. ಆದರೆ ಅದೇ ಜಾಗದಲ್ಲಿ, 1943ರಲ್ಲಿ ಮುಳುಗಿದ ‘ಉರೆದ್’ ಜಲಾಂತರ್ಗಾಮಿಯ ನಾವಿಕರ ಸ್ಮಾರಕವೂ ಇದೆ. ನಾನು ನೋಡಿದ ಚಿತ್ರಗಳಲ್ಲೆಲ್ಲ ಶೌಚಾಲಯವೇ ಮೆರೆಯುತ್ತದೆ. ಸತ್ತವರ ಕಲ್ಲು ಒಂದು ಮೂಲೆಗೆ ಸರಿಯುತ್ತದೆ. ಒಳಗೆ ಹೇಗಿದೆ ಎಂದು ಆ ಚಿತ್ರಗಳು ಹೇಳುವುದೂ ಇಲ್ಲ. ಹೊರಗೆ ನಿಂತು ನೋಡುವವನಿಗಾಗಿಯೇ ಕಟ್ಟಿದಂತಿದೆ.

ಎರಡನೆಯದು ಲೊಫೋಟೆನ್ ದ್ವೀಪಗಳ ಆಕರ್‌ವಿಕೊಡೆನ್‌ನಲ್ಲಿ 2009ರಲ್ಲಿ ಮಂಥೆ ಕುಲಾ ಸಂಸ್ಥೆ ಕಟ್ಟಿದ್ದು. ಅಲ್ಲಿ ಮೊದಲಿದ್ದ ಹಗುರ ಕಟ್ಟಡವನ್ನು ಕಡಲ ಗಾಳಿ ಅಡಿಪಾಯದಿಂದಲೇ ಕಿತ್ತುಹಾಕಿತ್ತು. ಆದ್ದರಿಂದ ಗಾಳಿ ಎತ್ತಲಾಗದಷ್ಟು ಭಾರವಿರಬೇಕೆಂಬುದೇ ಹೊಸ ಕಟ್ಟಡದ ಮೊದಲ ಷರತ್ತಾಯಿತು. ದಪ್ಪ ಉಕ್ಕಿನ ಹಾಳೆಗಳನ್ನು ಬಾಗಿಸಿ, ಬೆಸೆದು ನಿಲ್ಲಿಸಿದರು. ಮೇಲೆ ಹಿಡಿದ ತುಕ್ಕೇ ಒಳಗಿನ ಲೋಹವನ್ನು ಕಾಯುವ ಬಗೆಯ ಉಕ್ಕು ಅದು. ಬಣ್ಣ ಬಳಿಯುವ ಗೊಡವೆಯಿಲ್ಲ. ಸುತ್ತಲಿನ ಭವ್ಯ ನಿಸರ್ಗದಿಂದ ಪ್ರಯಾಣಿಕನಿಗೆ ಒಂದು ಗಳಿಗೆ ಬಿಡುವು ಸಿಗಲಿ ಎಂಬುದು ವಿನ್ಯಾಸಕಾರರ ಆಶಯ.

ಈ ಆಶಯ ನನಗೆ ಬಹಳ ಹಿಡಿಸಿತು. ಇಡೀ ದಿನ ನೋಡಿ ದಣಿದ ಕಣ್ಣಿಗೂ, ತಡೆದುಕೊಂಡು ದಣಿದ ದೇಹಕ್ಕೂ ಬೇಕಾದದ್ದು ಮತ್ತೊಂದು ನೋಟವಲ್ಲ, ಮರೆ. ಪರದೆ ಎಂಬ ಮಾತನ್ನು ನಾವು ಜಗಳಕ್ಕಷ್ಟೇ ಉಳಿಸಿಕೊಂಡಿದ್ದೇವೆ. ಯಾರ ಕಣ್ಣಿಗೂ ಬೀಳದೆ ಎರಡು ನಿಮಿಷ ಇರುವುದು ಗಂಡಿಗೂ ಹೆಣ್ಣಿಗೂ ಸಮಾನವಾದ ಹಕ್ಕೆಂಬುದನ್ನು ಮರೆತಿದ್ದೇವೆ.

ಪ್ರಯಾಣದ ದಿನ ಬೆಳಗಿನಿಂದಲೇ ನೀರು ಮುಟ್ಟದ ಹೆಂಗಸರು ನಮ್ಮ ಮನೆಗಳಲ್ಲೇ ಇದ್ದಾರೆ. ದಾರಿಬದಿಯ ಶೌಚಾಲಯವನ್ನು ಅಳೆಯಲು ಅವರಿಗಿಂತ ದೊಡ್ಡ ವಿಮರ್ಶಕರು ಬೇಕಿಲ್ಲ. ಚಂದ ಬೇಡವೆಂದು ಅವರು ಹೇಳುವುದಿಲ್ಲ. ಚಿಲಕ ಬೀಳುತ್ತದೆಯೇ, ನೀರು ಬರುತ್ತದೆಯೇ ಎಂದು ಮೊದಲು ಕೇಳುತ್ತಾರೆ. ಗಾಜಿನ ಅಲೆಗೆ ನಾನು ವಾಹ್ ಎನ್ನುತ್ತೇನೆ. ಆದರೆ ಅವರ ಜೊತೆ ಹೊರಟರೆ ಬಸ್ಸು ಆ ತುಕ್ಕಿನ ಗೋಡೆಯ ಬಳಿಯೇ ನಿಲ್ಲಲಿ ಎನ್ನುತ್ತೇನೆ.