ಬೋರ್‌ವೆಲ್ ನೀರು, ಸ್ಟೀಲ್ ಫಿಲ್ಟರು

ಕಾಡುಗೋಡಿ ಕಡೆಯ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇ-ವೇಸ್ಟ್ ಹಾಕುವುದಕ್ಕೆ ಒಂದು ನೀಲಿ ಡ್ರಮ್ಮಿದೆ. ವರ್ಷಕ್ಕೆ ಎರಡೋ ಮೂರೋ ಕಾಫಿ ಮೆಷಿನ್ನುಗಳು ಅದರಲ್ಲಿ ಬಂದು ಬೀಳುತ್ತವೆ. ಕುತೂಹಲಕ್ಕೆ ಒಂದನ್ನು ಬಿಚ್ಚಿ ನೋಡಿದೆ. ಪಂಪು ಸರಿಯಾಗಿಯೇ ಇತ್ತು. ನೀರು ಕಾಯುವ ಸಣ್ಣ ನಳಿಗೆಯೊಳಗೆ ಮಾತ್ರ ಸುಣ್ಣ ಗಟ್ಟಿಯಾಗಿ ಕಚ್ಚಿಕೊಂಡು, ಗುಂಡುಸೂಜಿ ತೂರಿಸುವಷ್ಟೂ ದಾರಿ ಉಳಿದಿರಲಿಲ್ಲ. ಕಾಫಿ ಮೇಕರ್ ಕೊಳ್ಳುವವರು ಬೆಲೆ ಕೇಳುತ್ತಾರೆ, ಬಣ್ಣ ಕೇಳುತ್ತಾರೆ, ವಾರಂಟಿ ಕೇಳುತ್ತಾರೆ. ಮನೆಯ ನಲ್ಲಿಯಲ್ಲಿ ಎಂಥ ನೀರು ಬರುತ್ತದೆ ಅಂತ ಯಾರೂ ಯೋಚಿಸುವುದಿಲ್ಲ.

ಊರ ಹೊರವಲಯದಲ್ಲಿ ಅದೇ ಮೊದಲ ಪ್ರಶ್ನೆ. 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅಲ್ಲಿಯತನಕ ಬೋರ್‌ವೆಲ್ಲು, ಇಲ್ಲವೇ ಟ್ಯಾಂಕರು. ಎಷ್ಟೋ ಕಡೆ ಇವತ್ತಿಗೂ ಅದೇ. ಗಡಸು ನೀರು ಕಾದಾಗ ಸುಣ್ಣ ಬಿಡುತ್ತದೆ. ಪಾತ್ರೆಯಾದರೆ ಉಜ್ಜಬಹುದು, ನಳಿಗೆಯೊಳಗೆ ಕೈ ಹೋಗುವುದಿಲ್ಲ. ಆಗಾಗ ಸಿಟ್ರಿಕ್ ಆಸಿಡ್ ಹಾಯಿಸಿ ಅಂತ ಮೆಷಿನ್ನಿನ ಜೊತೆ ಬರುವ ಪುಸ್ತಕ ಹೇಳುತ್ತದೆ. ಆ ಪುಸ್ತಕ ಡಬ್ಬದ ಜೊತೆಗೇ ಅಟ್ಟ ಸೇರಿರುತ್ತದೆ. ಆರ್‌ಒ ನೀರು ಹಾಕಿದರೆ ಮೆಷಿನ್ನೇನೋ ಬದುಕುತ್ತದೆ, ಕಾಫಿ ಸಪ್ಪೆಯಾಗುತ್ತದೆ. ಪುಡಿಯ ರುಚಿ ಎಳೆದುಕೊಳ್ಳಲು ನೀರಿನಲ್ಲಿ ಒಂದಿಷ್ಟು ಖನಿಜ ಇರಬೇಕು.

ಈ ಮೆಷಿನ್ನಿನ ಆಸೆ ಹುಟ್ಟಿದ್ದಾದರೂ ಎಲ್ಲಿ? ಆಫೀಸಿನಲ್ಲಿ. 2020ರಲ್ಲಿ ಎಲ್ಲರೂ ಮನೆಯಲ್ಲೇ ಕೂತು ಕೆಲಸ ಮಾಡುವಂತಾದಾಗ, ಪ್ಯಾಂಟ್ರಿಯ ಮೂಲೆಯಲ್ಲಿ ಗುಂಡಿ ಒತ್ತಿದರೆ ನೊರೆ ಸುರಿಸುತ್ತಿದ್ದ ಆ ಪೆಟ್ಟಿಗೆ ನೆನಪಾಯಿತು. ನಾನೂ ಒಂದು ತಂದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘15 ಬಾರ್’ ಅಂತಿತ್ತು. ಎಸ್‌ಪ್ರೆಸೊಗೆ ಪುಡಿಯ ಮೇಲೆ ಬೇಕಾದ ಒತ್ತಡ ಸುಮಾರು 9 ಬಾರ್ ಅಷ್ಟೇ. ಮಿಕ್ಕಿದ್ದು ಡಬ್ಬದ ಜಂಬ. ಅದರಿಂದ ಇಳಿಯುವ ಮೂವತ್ತು ಮಿಲಿ ಎಸ್‌ಪ್ರೆಸೊ ಹಾಗೇ ಕುಡಿಯಲು ಸೊಗಸು. ನಮ್ಮ ಮನೆಯ ಲೋಟದ ತುಂಬ ಹಾಲಿಗೆ ಸುರಿದರೆ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. ಕ್ಯಾಪ್ಸೂಲ್ ಮೆಷಿನ್ನಿನದು ಇನ್ನೂ ಬಡತನ: ಒಂದು ಕ್ಯಾಪ್ಸೂಲಿನಲ್ಲಿ ಐದಾರು ಗ್ರಾಂ ಪುಡಿ, ಅದರ ಬೆಲೆಗೆ ದರ್ಶಿನಿಯಲ್ಲಿ ಎರಡು ಕಾಫಿ. ಗಾಜಿನ ಜಗ್ಗಿನ ಕರೆಂಟ್ ಮೇಕರಂತೂ ಹಾಲು ಬೆರೆಸುವವರಿಗಲ್ಲ. ಬಿಸಿ ತಟ್ಟೆಯ ಮೇಲೆ ಅರ್ಧ ಗಂಟೆ ಕೂತರೆ ಸೀದ ವಾಸನೆ ಬೇರೆ.

ಇಟಲಿಯ ಬಿಯಾಲೆಟ್ಟಿ 1933ರಲ್ಲಿ ತಂದ ಮೋಕಾ ಪಾಟ್ ಬಗ್ಗೆ ನನಗೆ ಮರ್ಯಾದೆಯಿದೆ. ಹಬೆಯ ಒತ್ತಡಕ್ಕೆ ನೀರು ಪುಡಿಯೊಳಗಿಂದ ಮೇಲೇರುತ್ತದೆ, ಬರುವ ರಸ ನಮ್ಮ ಡಿಕಾಕ್ಷನ್ನಿಗೆ ದಾಯಾದಿ. ತೊಡಕು ಎರಡು. ಎಲೆಕ್ಟ್ರಾನಿಕ್ ಸಿಟಿಯ ಪಿಜಿ ರೂಮುಗಳಲ್ಲಿ ಇರುವುದು ಇಂಡಕ್ಷನ್ ಸ್ಟವ್. ಅಲ್ಯೂಮಿನಿಯಂ ಪಾಟ್ ಅದರ ಮೇಲೆ ಬಿಸಿಯೇ ಆಗುವುದಿಲ್ಲ, ಇಂಡಕ್ಷನ್ನಿಗೆ ಒಗ್ಗುವ ಸ್ಟೀಲಿನದೇ ಹುಡುಕಬೇಕು. ಇನ್ನೊಂದು, ಅಂಗಡಿಯ ಚಿಕೋರಿ ಬೆರೆತ ನುಣುಪು ಪುಡಿ ನೆಂದು ಉಬ್ಬಿ, ಜಾಲರಿ ಕಟ್ಟಿ ಹಾಕುತ್ತದೆ.

ಕೊನೆಗೆ ಉಳಿದದ್ದು ಎರಡು ಲೋಟ, ಒಂದು ಒತ್ತುಬಿಲ್ಲೆ, ಒಂದು ಮುಚ್ಚಳ. ಪೀಣ್ಯದಲ್ಲಿ ಮೂವತ್ತು ವರ್ಷ ಪ್ರೆಸ್ ಟೂಲ್ ಕೆಲಸ ಮಾಡಿದ ನಮ್ಮ ಭಾವ ಫಿಲ್ಟರ್ ಕೊಳ್ಳುವುದನ್ನು ನೋಡಬೇಕು. ಮೇಲಿನ ಲೋಟವನ್ನು ಅಂಗಡಿಯ ಟ್ಯೂಬ್‌ಲೈಟಿಗೆ ಎತ್ತಿ ಹಿಡಿಯುತ್ತಾರೆ. ತೂತೆಲ್ಲ ಒಂದೇ ಸಮ ಮಿನುಗಬೇಕು. ಆಮೇಲೆ ಒಳಗೆ ಕೈ ಹಾಕಿ ತಳಕ್ಕೆ ಬೆರಳು ಸವರುತ್ತಾರೆ. ಪಂಚ್ ಹೊಡೆದಾಗ ತೂತಿನ ಅಂಚಿನಲ್ಲಿ ತಗಡು ಒಂದು ಬದಿಗೆ ಚೂರು ಏಳುತ್ತದೆ, ಅವರ ಭಾಷೆಯಲ್ಲಿ ಅದು ‘ಬರ್’. ಅದು ಒಳಮುಖಕ್ಕಿದ್ದರೆ ಗಷ್ಟು ಸಿಕ್ಕಿಕೊಂಡು ತಿಂಗಳೊಳಗೆ ಫಿಲ್ಟರು ಕಟ್ಟುತ್ತದೆ. “ಇದರ ಡೈ ಸವೆದಿದೆ, ಬೇರೆ ಕೊಡಿ” ಅನ್ನುತ್ತಾರೆ. ಅಂಗಡಿಯವನು ಪಿಳಿಪಿಳಿ ನೋಡುತ್ತಾನೆ.

ಅಳತೆಯಲ್ಲಿ ಎಡವುವವರೇ ಹೆಚ್ಚು. ನೆಂಟರು ಬಂದರೆ ಇರಲಿ ಅಂತ ದೊಡ್ಡ ಫಿಲ್ಟರ್ ತಂದು, ಅದರಲ್ಲಿ ಇಬ್ಬರಿಗೆ ಎರಡು ಚಮಚ ಪುಡಿ ಹಾಕುತ್ತಾರೆ. ಪುಡಿ ತಳದಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ, ನೀರು ಸೋರಿ ಹೋಗುತ್ತದೆ, ಡಿಕಾಕ್ಷನ್ ಕಲಗಚ್ಚು. ಇಬ್ಬರಿದ್ದರೆ ಚಿಕ್ಕದೇ ಸರಿ: ಇಪ್ಪತ್ತು ಗ್ರಾಂ ಪುಡಿ, ನೂರು ಮಿಲಿಗಿಂತ ತುಸು ಹೆಚ್ಚು ನೀರು. ಬಿಲ್ಲೆಯನ್ನು ಮೆಲ್ಲಗೆ ಇಡಬೇಕು, ಗಾರೆ ಅದುಮಿದ ಹಾಗಲ್ಲ. ಬೆಂಗಳೂರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಒಲೆಯಿಂದ ಇಳಿಸಿ ನೇರ ಸುರಿದರೂ ಪುಡಿ ಸುಡುವುದಿಲ್ಲ. ಚಿಕೋರಿಯನ್ನು ಕಲಬೆರಕೆ ಅಂತ ಮೂಗು ಮುರಿಯುವವರ ಜೊತೆ ನನಗೆ ಜಗಳವಿದೆ. ಮಿಶ್ರಣದಲ್ಲಿ ಕಾಫಿ ಕನಿಷ್ಠ ನೂರಕ್ಕೆ 51 ಇರಬೇಕೆಂದು ಕಾನೂನೇ ಇದೆ. 80:20 ಬೆರಕೆಯಲ್ಲಿ ಆ ಇಪ್ಪತ್ತು ಭಾಗ ನೀರನ್ನು ತಡೆದು, ನಿಧಾನಕ್ಕೆ ತೊಟ್ಟಿಕ್ಕಿಸಿ, ಹಾಲಿಗೆ ಎದುರು ನಿಲ್ಲುವ ಮಂದ ಕೊಡುತ್ತದೆ.

ತೂತಿಗೆ ಸುಣ್ಣ ಕಟ್ಟಿದರೆ ಒಂದು ರಾತ್ರಿ ವಿನೆಗರಿನಲ್ಲಿ ನೆನೆಸಿದರಾಯಿತು. ಗಷ್ಟು ಕಟ್ಟಿದರೆ ಲೋಟವನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಗೆ ತೋರಿಸಿದರೆ ಚಟಚಟ ಸಿಡಿದು ಬೂದಿಯಾಗುತ್ತದೆ. ಸರ್ವಿಸ್ ಸೆಂಟರಿನವರು ಫೋನೆತ್ತಲಿ ಅಂತ ಕಾಯಬೇಕಿಲ್ಲ.

ಹಾಗಂತ ಫಿಲ್ಟರ್ ಎಲ್ಲರ ಮನೆಗೂ ಅಲ್ಲ. ಪಕ್ಕದ ಫ್ಲ್ಯಾಟಿನ ಹುಡುಗಿ ಚಿಕ್ಕಮಗಳೂರಿನ ಒಂದೇ ತೋಟದ ಅರೇಬಿಕಾ ತರಿಸಿ, ಪೇಪರ್ ಸೋಸುವ ಸಣ್ಣ ಆಲಿಕೆಯಲ್ಲಿ ಹಾಲಿಲ್ಲದ ಕಾಫಿ ಇಳಿಸಿಕೊಳ್ಳುತ್ತಾಳೆ. ನಮ್ಮ ಡಿಕಾಕ್ಷನ್ ಅವಳಿಗೆ ಕಷಾಯ. ಅವಳ ಆಲಿಕೆಗೂ ನಳಿಗೆಯಿಲ್ಲ, ಗಮನಿಸಿ. ಫಿಲ್ಟರಿನ ದೋಷಗಳೂ ಸಣ್ಣವಲ್ಲ. ಅವಸರದಲ್ಲಿ ಬಿಡಿಸಲು ಹೋದರೆ ಎರಡು ಲೋಟ ಕಚ್ಚಿಕೊಂಡು ಬೆರಳು ಸುಡುತ್ತದೆ. ಡಿಕಾಕ್ಷನ್ ಇಳಿಯಲು ಇಪ್ಪತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. ಕ್ಯಾಬಿನವನು ಕೆಳಗೆ ಹಾರ್ನ್ ಹೊಡೆಯುವಾಗ ಅದು ದೊಡ್ಡ ಹೊತ್ತು. ಬೊಮ್ಮಸಂದ್ರದಲ್ಲಿ ಫಸ್ಟ್ ಶಿಫ್ಟ್ ಮಾಡುವ ನನ್ನ ತಮ್ಮ ಮಲಗುವ ಮುಂಚೆಯೇ ನೀರು ಹುಯ್ದಿಟ್ಟು, ಬೆಳಿಗ್ಗೆ ಹಾಲು ಮಾತ್ರ ಕಾಯಿಸಿಕೊಳ್ಳುತ್ತಾನೆ. ರಾತ್ರಿ ಇಳಿದದ್ದಕ್ಕೆ ಘಮ ಇರಲ್ಲ ಕಣೋ ಅಂದರೆ, “ಐದೂಕಾಲಿಗೆ ನನ್ನ ಮೂಗೇ ಇನ್ನೂ ಎದ್ದಿರಲ್ಲ, ಬಿಡಣ್ಣ” ಅನ್ನುತ್ತಾನೆ.